ಭಾರತದ ಕಬ್ಬಿಗೆ ಸಿಹಿ ತಂದುಕೊಟ್ಟವರು ಜಾನಕಿ ಅಮ್ಮಾಳ್ ಅವರೇ?

ವಾಟ್ಸ್‌ಆಪ್ ಗುಂಪುಗಳಲ್ಲಿ ಹಿರಿಯ ಮಹಿಳೆಯೊಬ್ಬರ ಹಳೆಯ ಫೋಟೋ ಆಗಾಗ ಬರುತ್ತದೆ. ಭಾರತದ ಕಬ್ಬು ಮೊದಲು ಸಪ್ಪೆಯಾಗಿತ್ತು, ಅದನ್ನು ಸಿಹಿ ಮಾಡಿದವರು ಇವರೇ ಎಂದು ಕೆಳಗೆ ಬರೆದಿರುತ್ತದೆ. ಅವರು ಸಸ್ಯವಿಜ್ಞಾನಿ ಇ.ಕೆ. ಜಾನಕಿ ಅಮ್ಮಾಳ್. ನೀವೂ ಇದನ್ನು ಫಾರ್ವರ್ಡ್ ಮಾಡಿರಬಹುದು, ನಾವೂ ಮಾಡಿದ್ದೆವು. ಆಮೇಲೆ ಇಸವಿಗಳನ್ನು ನೋಡಿದಾಗ ಲೆಕ್ಕ ತಪ್ಪುತ್ತಿತ್ತು.

ಕಥೆ ಶುರುವಾಗುವುದು ಒಂದು ಕಾಡು ಹುಲ್ಲಿನಿಂದ. ಸಂಸ್ಕೃತದಲ್ಲಿ ಅದು ಕಾಶ, ವಿಜ್ಞಾನದ ಹೆಸರು ಸ್ಯಾಕರಮ್ ಸ್ಪಾಂಟೇನಿಯಮ್. ನದಿ ದಂಡೆ, ಮರಳು ದಿಬ್ಬ, ಪಾಳುಬಿದ್ದ ಹೊಲ, ಎಲ್ಲಿ ಬೇಕಾದರೂ ಬೆಳೆಯುತ್ತದೆ. ಆಳೆತ್ತರ ಮೀರಿ ನಿಲ್ಲುತ್ತದೆ, ಗರಿ ಸಪೂರ. ಮಳೆಗಾಲ ಮುಗಿಯುವ ಹೊತ್ತಿಗೆ ಬೆಳ್ಳಿಯಂಥ ಬಿಳಿ ತೆನೆ ಬಿಡುತ್ತದೆ, ಹಗುರ ಬೀಜಗಳು ಗಾಳಿಗೆ ಹಾರಿಹೋಗುತ್ತವೆ. ನೆಲದೊಳಗೆ ಗೆಡ್ಡೆಯಂತೆ ಹಬ್ಬುವ ಕಾಂಡ ಇರುವುದರಿಂದ ಕಿತ್ತರೂ ಮತ್ತೆ ಚಿಗುರುತ್ತದೆ. ಇದು ಕಬ್ಬಿನ ಹತ್ತಿರದ ನೆಂಟ, ಆದರೆ ಸಿಹಿ ತೀರಾ ಕಡಿಮೆ.

ಹಾಗಾದರೆ ಕಬ್ಬಿಗೂ ಇದಕ್ಕೂ ಏನು ಸಂಬಂಧ? ದಪ್ಪ, ರಸಭರಿತ ಸಿಹಿ ಕಬ್ಬು ಮೊದಲೇ ಇತ್ತು. ಆದರೆ ಅದು ನಾಜೂಕು, ಉತ್ತರ ಭಾರತದ ಚಳಿ, ಬರ, ರೋಗಗಳನ್ನು ತಾಳುತ್ತಿರಲಿಲ್ಲ. ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಯಲ್ಲಿ ಸಿ.ಎ. ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಸಿಹಿ ಕಬ್ಬಿಗೆ ಕಾಶ ಹುಲ್ಲಿನ ಪರಾಗ ಸೇರಿಸಿದರು. ಹಾಗೆ ಹುಟ್ಟಿದ ಕೋ 205 ತಳಿ 1918ರಲ್ಲಿ ರೈತರ ಕೈಸೇರಿತು. ಹುಲ್ಲು ಕೊಟ್ಟಿದ್ದು ಸಿಹಿಯನ್ನಲ್ಲ, ಗಟ್ಟಿತನವನ್ನು. ಇಂದು ನಮ್ಮ ರೈತರು ಬೆಳೆಯುವ ಕೋ 86032 ತಳಿಯ ಹೆಸರಲ್ಲಿರುವ ‘ಕೋ’ ಎಂದರೂ ಕೊಯಮತ್ತೂರೇ.

1918ರಲ್ಲಿ ಜಾನಕಿ ಅಮ್ಮಾಳ್ ಎಲ್ಲಿದ್ದರು? 1897ರ ನವೆಂಬರ್ 4ರಂದು ಕೇರಳದ ತಲಶ್ಶೇರಿಯಲ್ಲಿ ಹುಟ್ಟಿದ ಅವರು ಆಗಿನ್ನೂ ಪದವಿ ಮುಗಿಸಿರಲಿಲ್ಲ. ಮದುವೆಯ ಬದಲು ಓದನ್ನು ಆರಿಸಿಕೊಂಡು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು, 1931ರಲ್ಲಿ ಅಲ್ಲಿಂದ ಡಾಕ್ಟರೇಟ್ ಪಡೆದರು. ಕೊಯಮತ್ತೂರಿನ ಸಂಸ್ಥೆ ಸೇರಿದ್ದು 1934ರಲ್ಲಿ, ಅಂದರೆ ಕೋ 205 ಬಂದು ಹದಿನಾರು ವರ್ಷಗಳಾದ ಮೇಲೆ.

ಅಲ್ಲಿ ಅವರು ಮಾಡಿದ್ದು ಸೂಕ್ಷ್ಮದರ್ಶಕದ ಕೆಲಸ. ಕಾಶ ಹುಲ್ಲಿನ ಭಾರತೀಯ ಬಗೆಗಳ ಕ್ರೋಮೋಸೋಮ್‌ಗಳನ್ನು ಎಣಿಸಿ ಅಭ್ಯಾಸ ಮಾಡಿದರು. ಸಾಮಾನ್ಯವಾಗಿ ಒಂದು ಜಾತಿಯ ಗಿಡಗಳಲ್ಲಿ ಈ ಸಂಖ್ಯೆ ಒಂದೇ ಇರುತ್ತದೆ. ಈ ಹುಲ್ಲಿನಲ್ಲಿ ಮಾತ್ರ 40ರಿಂದ 128ರವರೆಗೂ ಬದಲಾಗುತ್ತದೆ ಎಂದು ಇಂದು ನಮಗೆ ಗೊತ್ತು. ಯಾವ ಗಿಡವನ್ನು ಯಾವುದರ ಜೊತೆ ಸೇರಿಸಿದರೆ ಏನಾಗುತ್ತದೆ ಎಂದು ತಿಳಿಯಲು ಇಂಥ ಲೆಕ್ಕ ಬೇಕೇಬೇಕು. ಕಬ್ಬನ್ನು ಮೆಕ್ಕೆಜೋಳದ ಜೊತೆಗೂ ಸೇರಿಸಿ ಅವರು ಮಿಶ್ರತಳಿ ಪಡೆದರು.

1940ರಿಂದ ಇಂಗ್ಲೆಂಡಿನಲ್ಲಿ ಸಂಶೋಧನೆ ಮಾಡಿದರು. 1945ರಲ್ಲಿ ಸಿ.ಡಿ. ಡಾರ್ಲಿಂಗ್ಟನ್ ಜೊತೆ, ಬೆಳೆ ಸಸ್ಯಗಳ ಕ್ರೋಮೋಸೋಮ್ ಲೆಕ್ಕದ ದೊಡ್ಡ ಕೋಶವನ್ನೇ ಹೊರತಂದರು. ನೆಹರೂ ಕರೆಗೆ ಓಗೊಟ್ಟು ದೇಶಕ್ಕೆ ಮರಳಿ, ಭಾರತೀಯ ಸಸ್ಯ ಸರ್ವೇಕ್ಷಣೆಯನ್ನು ಮರುಸಂಘಟಿಸುವ ಹೊಣೆ ಹೊತ್ತರು. ಎಂಬತ್ತು ದಾಟಿದ ಮೇಲೂ, ಅಣೆಕಟ್ಟಿನಲ್ಲಿ ಮುಳುಗಲಿದ್ದ ಕೇರಳದ ಸೈಲೆಂಟ್ ವ್ಯಾಲಿ ಕಾಡಿನ ಪರ ನಿಂತರು. 1984ರ ಫೆಬ್ರವರಿ 7ರಂದು ತೀರಿಕೊಂಡರು. ಅದೇ ವರ್ಷ ಆ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು.

ಕಾಡು ಗಿಡ ಏಕೆ ಉಳಿಯಬೇಕು ಎಂಬುದಕ್ಕೆ ಕಬ್ಬೇ ಉತ್ತರ. ಯಾರೂ ಲೆಕ್ಕಕ್ಕಿಡದ ನದಿ ದಂಡೆಯ ಹುಲ್ಲು ಇಲ್ಲದಿದ್ದರೆ ಕೋ 205 ಹುಟ್ಟುತ್ತಲೇ ಇರಲಿಲ್ಲ.

ಮುಂದಿನ ಸಲ ಆ ಫೋಟೋ ಬಂದರೆ ಡಿಲೀಟ್ ಮಾಡಬೇಡಿ, ಕೆಳಗಿನ ಸಾಲನ್ನು ತಿದ್ದಿ ಕಳಿಸಿ. ಸಿಹಿ ತುಂಬಿದವರು ಅಂತಲ್ಲ, ಕಬ್ಬಿನ ಮತ್ತು ಅದರ ಕಾಡು ನೆಂಟರ ಒಳಲೆಕ್ಕ ಬಿಡಿಸಿದವರು ಅಂತ. ಅವರು ಮಾಡಿದ ಕೆಲಸವೇ ಸಾಕಷ್ಟು ದೊಡ್ಡದು, ಮಾಡದ್ದನ್ನು ಸೇರಿಸುವ ಅಗತ್ಯವಿಲ್ಲ.