ಏಣಿಯ ಕಡೆಯಿಂದ ಕಥೆ ಹೇಳಿದ ತ್ರಿವೇಣಿ

‘ಬೆಳ್ಳಿ ಮೋಡ’, ‘ಶರಪಂಜರ’ ಎಂದ ಕೂಡಲೇ ನಮ್ಮ ಮನೆಗಳ ಹಿರಿಯರಿಗೆ ಕಲ್ಪನಾ ನೆನಪಾಗುತ್ತಾರೆ. ಸಿನಿಮಾ ಬಗ್ಗೆ ಇನ್ನೂ ಸ್ವಲ್ಪ ತಿಳಿದವರು ನಿರ್ದೇಶಕ ಪುಟ್ಟಣ್ಣ ಕಣಗಾಲ್ ಅವರ ಹೆಸರು ಹೇಳುತ್ತಾರೆ. ಆ ಎರಡೂ ಕಥೆಗಳನ್ನು ಬರೆದವರ ಹೆಸರು ಮಾತ್ರ ಪರದೆಯ ಮೇಲೆ ಬಂದು ಹೋಗುವಷ್ಟರಲ್ಲಿ ಮರೆತುಹೋಗುತ್ತದೆ. ಅವರು ತ್ರಿವೇಣಿ. ತಮ್ಮ ಕಾದಂಬರಿಗಳಿಂದ ಬಂದ ಸಿನಿಮಾಗಳಲ್ಲಿ ಒಂದನ್ನೂ ಅವರು ನೋಡಲಿಲ್ಲ. ಮೊದಲನೆಯದು ತೆರೆಗೆ ಬರುವ ಮೂರು ವರ್ಷ ಮೊದಲೇ, 34ನೇ ವಯಸ್ಸಿನಲ್ಲಿ, ತೀರಿಕೊಂಡಿದ್ದರು.

ತ್ರಿವೇಣಿ ಎಂಬುದು ಬರೆಯುವುದಕ್ಕಾಗಿ ಇಟ್ಟುಕೊಂಡ ಹೆಸರು. ನಿಜವಾದ ಹೆಸರು ಅನಸೂಯಾ. 1928ರ ಸೆಪ್ಟೆಂಬರ್ 1ರಂದು ಹುಟ್ಟಿದರು. ಬೆಳೆದದ್ದು, ಓದಿದ್ದು ಮೈಸೂರಿನಲ್ಲಿ. ‘ಇಂಗ್ಲಿಷ್ ಗೀತಗಳು’ ಮೂಲಕ ಕನ್ನಡ ಕವಿತೆಗೆ ಹೊಸ ದಾರಿ ತೋರಿಸಿದ ಬಿ.ಎಂ. ಶ್ರೀಕಂಠಯ್ಯನವರು, ಅಂದರೆ ನಾವು ಪಠ್ಯದಲ್ಲಿ ಓದುವ ಬಿ.ಎಂ.ಶ್ರೀ, ಇವರ ತಂದೆ ಬಿ.ಎಂ. ಕೃಷ್ಣಸ್ವಾಮಿಯವರ ಸಹೋದರ. ತಂಗಿ ಆರ್ಯಾಂಬ ಪಟ್ಟಾಭಿ ಕೂಡ ಮುಂದೆ ಕಾದಂಬರಿಗಾರ್ತಿಯಾದರು. ಒಂದೇ ಮನೆತನದಲ್ಲಿ ಇಷ್ಟು ಜನ ಬರೆಯುವವರು ಇರುವುದು ನಮಗೆ ವಿಚಿತ್ರ ಎನಿಸಬಹುದು. ನಮ್ಮ ಕಡೆ ಒಂದು ಮನೆಯಲ್ಲಿ ನಾಲ್ಕು ಜನ ವ್ಯಾಪಾರಿಗಳಿದ್ದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ, ಅದೂ ಹಾಗೆಯೇ ಇರಬೇಕು.

ಅನಸೂಯಾ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಬಿ.ಎ. ಓದಿದರು. ಆರಿಸಿಕೊಂಡ ವಿಷಯ ಮನಶ್ಶಾಸ್ತ್ರ. ಅದರಲ್ಲಿ ಚಿನ್ನದ ಪದಕ ಪಡೆದರು. ಇದು ಸಣ್ಣ ಸಂಗತಿಯಲ್ಲ. ಆಗ ಹುಡುಗಿಯರು ಕಾಲೇಜು ಮೆಟ್ಟಿಲು ಹತ್ತುವುದೇ ಅಪರೂಪ. ಮನಸ್ಸಿಗೂ ಕಾಯಿಲೆ ಬರುತ್ತದೆ, ಅದಕ್ಕೂ ಔಷಧ ಇದೆ ಎಂದು ಒಪ್ಪದ ಮನೆಗಳೇ ಹೆಚ್ಚು. ದೆವ್ವ ಹಿಡಿದಿದೆ ಎಂದು ತಾಯತ ಕಟ್ಟಿಸುವುದು, ಕೋಣೆಯಲ್ಲಿ ಕೂಡಿಹಾಕುವುದು, ಇಷ್ಟೇ ಗೊತ್ತಿತ್ತು. ಈಗಲೂ ಪೂರ್ತಿ ಹೋಗಿಲ್ಲ. ತ್ರಿವೇಣಿ ಕಾಲೇಜಿನಲ್ಲಿ ಕಲಿತದ್ದನ್ನು ಪದಕದ ಜೊತೆ ಪೆಟ್ಟಿಗೆಯಲ್ಲಿ ಇಡಲಿಲ್ಲ, ಕಾದಂಬರಿಗಳಿಗೆ ತಂದರು. ಕನ್ನಡದಲ್ಲಿ ಮನೋವೈಜ್ಞಾನಿಕ ಕಾದಂಬರಿ ಎಂದರೆ ಮೊದಲು ನೆನಪಾಗುವ ಹೆಸರುಗಳಲ್ಲಿ ಅವರದೂ ಒಂದು.

ಇಂಗ್ಲಿಷ್ ಅಧ್ಯಾಪಕರಾಗಿದ್ದ ಎಸ್.ಎನ್. ಶಂಕರ್ ಅವರನ್ನು ಮದುವೆಯಾದರು. 1953ರಲ್ಲಿ ಮೊದಲ ಕಾದಂಬರಿ ‘ಅಪಸ್ವರ’ ಬಂತು. ಅಲ್ಲಿಂದ ಸಾಯುವವರೆಗೆ ಸಿಕ್ಕಿದ್ದು ಹತ್ತು ವರ್ಷ. ಆ ಹತ್ತು ವರ್ಷದಲ್ಲಿ ಸುಮಾರು 20 ಕಾದಂಬರಿಗಳು, ಮೂರು ಕಥಾಸಂಕಲನಗಳು. ವರ್ಷಕ್ಕೆ ಎರಡು ಕಾದಂಬರಿಯ ಲೆಕ್ಕ. ಜೊತೆಗೆ ಆಸ್ತಮಾ ಕಾಡುತ್ತಿತ್ತು. ಉಸಿರು ಕಟ್ಟುವ ರಾತ್ರಿಗಳ ನಡುವೆ ಇಷ್ಟು ಪುಟ ಹೇಗೆ ಬರೆದರು ಎಂದು ಆಶ್ಚರ್ಯವಾಗುತ್ತದೆ.

ಅವುಗಳಲ್ಲಿ ನಾನು ಹೆಚ್ಚು ಹೇಳಬೇಕೆಂದಿರುವುದು ‘ಬೆಳ್ಳಿ ಮೋಡ’ದ ಬಗ್ಗೆ. ಬೆಳ್ಳಿ ಮೋಡ ಒಂದು ಎಸ್ಟೇಟಿನ ಹೆಸರು. ಎಸ್ಟೇಟಿನ ಒಡೆಯ ಸದಾಶಿವರಾಯರಿಗೆ ಒಬ್ಬಳೇ ಮಗಳು ಇಂದಿರಾ. ಸಾಧಾರಣ ಮನೆಯ ಮೋಹನ್ ಜೊತೆ ಅವಳ ಮದುವೆ ನಿಶ್ಚಯವಾಗುತ್ತದೆ. ವಿದೇಶದ ಓದಿಗೆ ಹಣ ಮಾವನದು. ಒಬ್ಬಳೇ ಮಗಳೆಂದರೆ ಆಸ್ತಿಯೆಲ್ಲ ಅವಳಿಗೇ, ಅಂದರೆ ತನಗೇ ಎಂಬುದು ಮೋಹನನ ಲೆಕ್ಕ. ಅವನು ಅತ್ತ ಓದುತ್ತಿರುವಾಗ ಇತ್ತ ಇಂದಿರಾಳ ತಾಯಿ ಬಹಳ ವರ್ಷಗಳ ನಂತರ ಗಂಡು ಮಗುವಿಗೆ ಜನ್ಮ ಕೊಡುತ್ತಾರೆ, ಹೆರಿಗೆಯಲ್ಲಿ ತೀರಿಕೊಳ್ಳುತ್ತಾರೆ. ಆಸ್ತಿಗೆ ವಾರಸುದಾರ ಹುಟ್ಟಿದ. ಮೋಹನ್ ಹಿಂದಿರುಗಿ ಬಂದವನು ವಿಷಯ ತಿಳಿದು ಮದುವೆಯಿಂದ ಜಾರಿಕೊಳ್ಳುತ್ತಾನೆ.

ಅಕೌಂಟೆನ್ಸಿಯಲ್ಲಿ ನಮಗೆ ಮೊದಲೇ ಹೇಳಿಕೊಡುವ ತತ್ವವೊಂದಿದೆ. ಬರಬಹುದಾದ ನಷ್ಟವನ್ನು ಲೆಕ್ಕಕ್ಕೆ ಹಿಡಿ, ಕೈಗೆ ಬಾರದ ಲಾಭವನ್ನು ಮಾತ್ರ ಪುಸ್ತಕದಲ್ಲಿ ಬರೆಯಬೇಡ. ಮೋಹನ್ ಕಾಮರ್ಸ್ ಓದಿದ್ದರೆ ಇಷ್ಟಾದರೂ ಗೊತ್ತಿರುತ್ತಿತ್ತು. ತಮಾಷೆ ಬಿಡಿ. ಅವನು ಸಿನಿಮಾದ ಖಳನಾಯಕನ ಹಾಗೆ ಮೀಸೆ ತಿರುವುವವನಲ್ಲ. ಚೆನ್ನಾಗಿ ಓದುವವನು, ನಯವಾಗಿ ಮಾತಾಡುವವನು, ಮೇಲೆ ಬರಬೇಕು ಎನ್ನುವವನು. ನಮ್ಮ ಪ್ರತಿ ತರಗತಿಯಲ್ಲೂ ಅಂಥವರಿದ್ದಾರೆ, ಮೇಲೆ ಬರಬೇಕೆಂಬ ಆಸೆ ನನಗೂ ಇದೆ. ಆಸೆ ತಪ್ಪಲ್ಲ. ಮೋಹನ್ ಹತ್ತಲು ಹಿಡಿದುಕೊಂಡ ಏಣಿ ಒಬ್ಬ ಮನುಷ್ಯಳಾಗಿತ್ತು ಎಂಬುದೇ ಇಲ್ಲಿನ ತೊಂದರೆ.

ಇಂಗ್ಲಿಷ್ ಸಾಹಿತ್ಯದಲ್ಲಿ ಹೀಗೆ ಮೇಲೇರುವವರ ಪೈಕಿ ಬಹಳ ಪ್ರಸಿದ್ಧಳು ಬೆಕಿ ಶಾರ್ಪ್. ಕಲ್ಕತ್ತಾದಲ್ಲಿ ಹುಟ್ಟಿದ ಥ್ಯಾಕರೆ 1847-48ರಲ್ಲಿ ಬರೆದ ‘ವ್ಯಾನಿಟಿ ಫೇರ್’ ಕಾದಂಬರಿಯವಳು. ಬಡ ಹುಡುಗಿ ತನ್ನ ಬುದ್ಧಿ, ಚೆಲುವು, ಸುಳ್ಳು ಎಲ್ಲವನ್ನೂ ಬಳಸಿ ದೊಡ್ಡವರ ಮನೆ ಸೇರುವ ಕಥೆ. ಆ ಕಥೆಯನ್ನು ಹಾಲಿವುಡ್ 1935ರಲ್ಲಿ ಬಣ್ಣದಲ್ಲಿ ತೆಗೆಯಿತು, 2004ರಲ್ಲಿ ನಮ್ಮ ಮೀರಾ ನಾಯರ್ ಮತ್ತೆ ತೆಗೆದರು. ಅಲ್ಲಿ ಕಥೆಯ ನಡುವೆ ಇರುವವಳು ಏಣಿ ಹತ್ತುವವಳು. ನಾವು ಅವಳ ಹಿಂದೆಯೇ ಹೋಗುತ್ತೇವೆ, ಸಿಕ್ಕಿಬೀಳಬಾರದೆಂದು ಕೂಡ ಬಯಸುತ್ತೇವೆ. ತ್ರಿವೇಣಿ ಹಾಗೆ ಮಾಡಲಿಲ್ಲ. ಮೋಹನ್ ವಿದೇಶದಲ್ಲಿ ಏನೇನು ಸಾಧಿಸಿದ ಎಂಬ ಕಡೆಗೆ ಕಥೆ ಹೋಗುವುದೇ ಇಲ್ಲ. ತಾಯಿ ಸತ್ತ ಮನೆಯಲ್ಲಿ ಕೂಸಿಗೆ ತಾಯಿಯಾಗಿ ನಿಂತ ಇಂದಿರಾಳ ಜೊತೆ ಕಥೆ ಉಳಿಯುತ್ತದೆ. ಏರಿದ ಏಣಿಯನ್ನು ಒದೆಯುವುದು ಎಂಬ ಮಾತು ನಮ್ಮಲ್ಲಿದೆ. ಒದೆಸಿಕೊಂಡ ಏಣಿಗೆ ಏನಾಯಿತು ಎಂದು ಕೇಳುವವರು ಕಡಿಮೆ.

ನಮ್ಮ ಊರುಗಳಿಗೆ ಇದು ದೂರದ ಕಥೆಯಲ್ಲ. ಸಂಡೂರಿನ ಅದಿರಿಗೆ ಬೆಲೆ ಏರಿದ ಕಾಲದಲ್ಲಿ ಹೊಸಪೇಟೆ, ಸಂಡೂರುಗಳಲ್ಲಿ ಕಂತಿನ ಮೇಲೆ ಟಿಪ್ಪರ್ ತೆಗೆದುಕೊಂಡವರ ಮನೆಗೆ ರಿಶ್ತಾ ಹುಡುಕಿಕೊಂಡು ಬರುತ್ತಿದ್ದರಂತೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಟಿಪ್ಪರ್‌ಗಳು ರಸ್ತೆ ಬದಿಯಲ್ಲಿ ನಿಂತವು. ಮಾತುಕತೆ ಮುಗಿದಿದ್ದ ಕೆಲವು ಸಂಬಂಧಗಳೂ ಹಾಗೆಯೇ ನಿಂತುಹೋದವು ಎಂದು ಮನೆಯಲ್ಲಿ ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಆಗ ನನಗೆ ಮೂರು ವರ್ಷವೂ ಇರಲಿಲ್ಲ. ನಮ್ಮಲ್ಲಿ ಮಹರ್ ಕೊಡಬೇಕಾದವನು ಗಂಡು. ಆದರೂ ಜಹೇಜ್ ಎಷ್ಟು, ಹುಡುಗಿಗೆ ಅಣ್ಣತಮ್ಮಂದಿರು ಎಷ್ಟು ಎಂದು ಮೆಲ್ಲಗೆ ವಿಚಾರಿಸುವವರು ಇದ್ದೇ ಇದ್ದಾರೆ. ಅಣ್ಣತಮ್ಮಂದಿರ ಲೆಕ್ಕ ಯಾಕೆ ಕೇಳುತ್ತಾರೆ ಎಂಬುದು ನನಗೆ ‘ಬೆಳ್ಳಿ ಮೋಡ’ದಿಂದ ಅರ್ಥವಾಯಿತು.

ಕಥೆಯ ಕೊನೆಯ ಭಾಗ ಇನ್ನೂ ಗಟ್ಟಿ. ಮೋಹನ್ ಅಪಘಾತದಲ್ಲಿ ಗಾಯಗೊಂಡು ಅದೇ ಮನೆಗೆ ಬಂದು ಬೀಳುತ್ತಾನೆ. ಇಂದಿರಾಳೇ ಆರೈಕೆ ಮಾಡುತ್ತಾಳೆ. ಅವಳ ಗುಣ ನೋಡಿ ಅವನ ಮನಸ್ಸು ಬದಲಾಗುತ್ತದೆ, ನಿಜವಾಗಿಯೂ ಬದಲಾಗುತ್ತದೆ, ಮದುವೆಯಾಗೋಣ ಎಂದು ಕೇಳುತ್ತಾನೆ. ಬೇರೆ ಯಾರಾದರೂ ಬರೆದಿದ್ದರೆ ಅಲ್ಲಿಗೆ ಮದುವೆ ಊಟ ಬಡಿಸಿ ಕಥೆ ಮುಗಿಸುತ್ತಿದ್ದರು. ಇಂದಿರಾ ಒಪ್ಪುವುದಿಲ್ಲ. ಅವಳು ಕೂಗಾಡುವುದಿಲ್ಲ, ಸೇಡು ತೀರಿಸಿಕೊಳ್ಳುವುದೂ ಇಲ್ಲ. ರೋಗಿಯನ್ನು ನೋಡಿಕೊಳ್ಳುವುದು ಒಂದು, ಅವನ ಜೊತೆ ಬಾಳುವುದು ಇನ್ನೊಂದು ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತು. ಕ್ಷಮಿಸಿದ ಮೇಲೆ ಮದುವೆಯಾಗಬೇಕಿತ್ತಲ್ಲ ಎಂದು ನನ್ನ ಕೆಲವು ಸಹಪಾಠಿಗಳು ವಾದ ಮಾಡಿದರು. ನಾನು ಇಂದಿರಾಳ ಪಕ್ಷ.

1967ರಲ್ಲಿ ಪುಟ್ಟಣ್ಣ ಇದನ್ನು ಸಿನಿಮಾ ಮಾಡಿದರು. ಕನ್ನಡದಲ್ಲಿ ಅವರು ನಿರ್ದೇಶಿಸಿದ ಮೊದಲ ಚಿತ್ರ ಅದೇ. ಇಂದಿರಾ ಆಗಿ ಕಲ್ಪನಾ, ಮೋಹನ್ ಆಗಿ ಕಲ್ಯಾಣ್ ಕುಮಾರ್. ಕಲ್ಯಾಣ್ ಕುಮಾರ್ ಆ ಕಾಲದ ದೊಡ್ಡ ಹೀರೋ. ಹೀರೋನನ್ನೇ ಇಂಥ ಪಾತ್ರಕ್ಕೆ ಹಾಕಿ, ಕೊನೆಗೆ ಹೀರೋಯಿನ್ ಕೈಯಿಂದ ಬೇಡ ಎನ್ನಿಸಿಕೊಂಡು ಹೋಗುವ ಹಾಗೆ ಮಾಡಲು ಧೈರ್ಯ ಬೇಕು. ಇದಕ್ಕೂ ಒಂದು ವರ್ಷ ಮೊದಲು ಪುಟ್ಟಣ್ಣ ತ್ರಿವೇಣಿಯವರ ‘ಬೆಕ್ಕಿನ ಕಣ್ಣು’ ಕಾದಂಬರಿಯನ್ನು ಮಲಯಾಳಂನಲ್ಲಿ ‘ಪೂಚ್ಚಕ್ಕಣ್ಣಿ’ ಎಂದು ತೆಗೆದಿದ್ದರು. ಕನ್ನಡದ ಕಥೆ ಮೊದಲು ಕೇರಳದ ಪರದೆಯ ಮೇಲೆ ಬಂತು.

‘ಶರಪಂಜರ’ 1971ರದು. ಹೆರಿಗೆಯ ನಂತರ ಕಾವೇರಿ ಎಂಬ ಹೆಣ್ಣಿನ ಮನಸ್ಸು ಕದಡುತ್ತದೆ. ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬರುತ್ತಾಳೆ, ಮನೆಯವರು ಮತ್ತು ನೆರೆಹೊರೆಯವರು ಅವಳನ್ನು ವಾಸಿಯಾದವಳೆಂದು ನೋಡುವುದೇ ಇಲ್ಲ. ನಕ್ಕರೆ ಹುಚ್ಚು, ಅತ್ತರೆ ಹುಚ್ಚು. ಕೊನೆಗೆ ಅವಳು ಮತ್ತೆ ಆಸ್ಪತ್ರೆಯ ದಾರಿ ಹಿಡಿಯಬೇಕಾಗುತ್ತದೆ. ಕಲ್ಪನಾ ನಟನೆಯ ಬಗ್ಗೆ ಎಲ್ಲರೂ ಹೇಳುತ್ತಾರೆ. ಮನಶ್ಶಾಸ್ತ್ರ ಓದಿದವರೊಬ್ಬರು ಬರೆದಿದ್ದರಿಂದಲೇ ಆ ನಟನೆಗೆ ಅಷ್ಟು ಜಾಗ ಸಿಕ್ಕಿತು ಎಂದು ನನ್ನ ಅಭಿಪ್ರಾಯ.

ತ್ರಿವೇಣಿಯವರ ಸ್ವಂತ ಕೊನೆಯೂ ಹೆರಿಗೆಯ ಹತ್ತಿರವೇ ಬಂತು. 1963ರ ಜುಲೈನಲ್ಲಿ ಅವರಿಗೆ ಮಗಳು ಹುಟ್ಟಿದಳು. ಕೆಲವೇ ದಿನಗಳಲ್ಲಿ, ಜುಲೈ 29ರಂದು, ತ್ರಿವೇಣಿ ತೀರಿಕೊಂಡರು. ‘ಬೆಳ್ಳಿ ಮೋಡ’ದಲ್ಲಿ ಇಂದಿರಾಳ ತಾಯಿಗೆ ಏನಾಯಿತೋ ಹೆಚ್ಚು ಕಡಿಮೆ ಅದೇ. ಅದನ್ನು ಬರೆಯುವಾಗ ಅವರಿಗೆ ಮಕ್ಕಳಿರಲಿಲ್ಲ.

ಅವರು ಹೋದ ಮೇಲೆ ಸಿನಿಮಾದವರು ಅವರ ಪುಸ್ತಕಗಳನ್ನು ಬಿಡಲಿಲ್ಲ. ವಿಧವೆಯ ಬದುಕು ಮತ್ತೆ ಚಿಗುರುವ ‘ಹಣ್ಣೆಲೆ ಚಿಗುರಿದಾಗ’ 1968ರಲ್ಲಿ ರಾಜ್‌ಕುಮಾರ್ ಮತ್ತು ಕಲ್ಪನಾ ಜೋಡಿಯಲ್ಲಿ ಬಂತು. 1970ರಲ್ಲಿ ‘ಮುಕ್ತಿ’, ಆಮೇಲೆ ‘ಕಂಕಣ’. 1993ರಲ್ಲಿ ರಾಜೇಂದ್ರ ಸಿಂಗ್ ಬಾಬು ‘ಹೂವು ಹಣ್ಣು’ ಮಾಡಿದರು, ಲಕ್ಷ್ಮಿ ನಟಿಸಿದರು. ಅಷ್ಟರಲ್ಲಿ ತ್ರಿವೇಣಿ ತೀರಿಕೊಂಡು 30 ವರ್ಷವಾಗಿತ್ತು, ತಾಯಿಯ ಮುಖ ನೋಡಿ ನೆನಪಿಲ್ಲದ ಆ ಮಗಳಿಗೂ 30 ತುಂಬುತ್ತಿತ್ತು.