ಮುದ್ದೇನಹಳ್ಳಿಯ ಹುಡುಗ ಪುಣೆಗೆ ಏಕೆ ಹೋದ?

ಮಕ್ಕಳೇ, ನಿಮ್ಮೂರಿನ ಹತ್ತಿರ ರಸ್ತೆ ಅಥವಾ ಸೇತುವೆ ಕಟ್ಟುವುದನ್ನು ನೋಡಿದ್ದೀರಾ? ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ದುರ್ಬೀನಿನಂಥ ಉಪಕರಣವಿಟ್ಟು ಒಬ್ಬರು ಅದರೊಳಗೆ ಇಣುಕುತ್ತಿರುತ್ತಾರೆ. ದೂರದಲ್ಲಿ ಇನ್ನೊಬ್ಬರು ಅಳತೆಯ ಗುರುತುಗಳಿರುವ ಉದ್ದನೆಯ ಕೋಲು ಹಿಡಿದು ನಿಂತಿರುತ್ತಾರೆ. ನೆಲದ ಏರುತಗ್ಗು ಅಳೆಯುವ ಕೆಲಸ ಅದು. ಈ ವಿದ್ಯೆ ಕಲಿಯಲು ಎಲ್ಲಿಗೆ ಹೋಗಬೇಕೆಂದು ಈಗ ಕೇಳಿದರೆ ನಿಮ್ಮ ಶಿಕ್ಷಕರು ಹತ್ತಾರು ಕಾಲೇಜುಗಳ ಹೆಸರು ಹೇಳುತ್ತಾರೆ. ಆದರೆ 1881ರಲ್ಲಿ ನಮ್ಮ ಮೈಸೂರು ಸಂಸ್ಥಾನದಲ್ಲಿ ಒಂದೇ ಒಂದು ಎಂಜಿನಿಯರಿಂಗ್ ಕಾಲೇಜೂ ಇರಲಿಲ್ಲ!

ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದರೆ ಎಡಗಡೆ ನಂದಿ ಬೆಟ್ಟ ಕಾಣುತ್ತದೆ. ಆ ಬೆಟ್ಟಗಳ ಸೀಮೆಯಲ್ಲೇ ಇದೆ ಮುದ್ದೇನಹಳ್ಳಿ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹುಟ್ಟಿದ್ದು ಅಲ್ಲಿ, ಒಂದು ಸೆಪ್ಟೆಂಬರ್ 15ರಂದು. ತಂದೆ ಶ್ರೀನಿವಾಸ ಶಾಸ್ತ್ರಿ, ತಾಯಿ ವೆಂಕಟಲಕ್ಷ್ಮಮ್ಮ. ಮನೆಯಲ್ಲಿ ವಿದ್ಯೆಯಿತ್ತು, ಹಣವಿರಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಓದುವ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಹುಡುಗ ಬೆಂಗಳೂರಿನಲ್ಲಿದ್ದ ಸೋದರಮಾವನ ಆಸರೆಗೆ ಬಂದ.

ಸೆಂಟ್ರಲ್ ಕಾಲೇಜು ಸೇರಿದ ಮೇಲೆ ಖರ್ಚಿಗೇನು ಮಾಡುವುದು? ಕೊಡಗಿನ ಒಂದು ಕುಟುಂಬದ ಮಕ್ಕಳಿಗೆ ಮನೆಪಾಠ ಹೇಳಿ ಅವರು ಓದು ಮುಂದುವರಿಸಿದರು. 1881ರಲ್ಲಿ ಬಿ.ಎ. ಪಾಸಾಯಿತು. ಗಣಿತದಲ್ಲಿ ಆಸಕ್ತಿ, ಎಂಜಿನಿಯರ್ ಆಗಬೇಕೆಂಬ ಆಸೆ. ಆದರೆ ಅದಕ್ಕೆ ಪುಣೆಗೆ ಹೋಗಬೇಕಿತ್ತು. ಮನೆಪಾಠದ ಹಣದಲ್ಲಿ ಅಷ್ಟು ದೂರದ ಓದು ಸಾಧ್ಯವೇ? ಆಗ ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟಿತು. ಆ ಹಣ ಬರದಿದ್ದರೆ ಅವರು ಬಹುಶಃ ಎಲ್ಲಾದರೂ ಗುಮಾಸ್ತರಾಗಿ ಸೇರಿಕೊಳ್ಳಬೇಕಾಗುತ್ತಿತ್ತೇನೋ.

ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಓದಿ 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಅವರು ಮೊದಲಿಗರಾದರು. ಮರುವರ್ಷವೇ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಕೆಲಸ ಸಿಕ್ಕಿತು. ಆಮೇಲಿನ 24 ವರ್ಷ ರಸ್ತೆ, ಕಾಲುವೆ, ಕುಡಿಯುವ ನೀರು, ಚರಂಡಿ ಎಂದು ಊರೂರು ಸುತ್ತಿದರು.

ಆ ದಿನಗಳ ಒಂದು ಕೆಲಸವನ್ನು ಸ್ವಲ್ಪ ವಿವರವಾಗಿ ನೋಡೋಣ. ಪುಣೆಯ ಹತ್ತಿರ ಖಡಕ್‌ವಾಸ್ಲಾ ಎಂಬ ಜಲಾಶಯವಿದೆ. ಮಳೆಗಾಲದಲ್ಲಿ ಅದರ ಕೋಡಿ ಹರಿದು ನೀರು ವ್ಯರ್ಥವಾಗುತ್ತಿತ್ತು. ಬೇಸಿಗೆಯಲ್ಲಿ ನೀರು ಸಾಲುತ್ತಿರಲಿಲ್ಲ. ಅಣೆಕಟ್ಟನ್ನೇ ಎತ್ತರಿಸೋಣವೆಂದರೆ ಖರ್ಚು ಹೆಚ್ಚು. ಕೋಡಿಗೆ ಅಡ್ಡಲಾಗಿ ಗೋಡೆ ಕಟ್ಟಿಬಿಟ್ಟರೆ ದೊಡ್ಡ ಪ್ರವಾಹ ಬಂದಾಗ ಕಟ್ಟೆಗೇ ಅಪಾಯ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ತಾವಾಗಿಯೇ ತೆರೆದು ಮುಚ್ಚುವ ಬಾಗಿಲುಗಳನ್ನು ಕೂರಿಸಿದರು. ಪ್ರತಿಭಾರ ಕಟ್ಟಿದ ಈ ಬಾಗಿಲುಗಳು ಗೊತ್ತಾದ ಮಟ್ಟದವರೆಗೆ ನೀರನ್ನು ತಡೆಯುತ್ತಿದ್ದವು. ನೀರು ಆ ಮಟ್ಟ ಮೀರಿದರೆ ನೀರಿನ ಬಲದಿಂದಲೇ ತೆರೆದುಕೊಳ್ಳುತ್ತಿದ್ದವು. ನೀರು ಇಳಿದರೆ ಮತ್ತೆ ಮುಚ್ಚಿಕೊಳ್ಳುತ್ತಿದ್ದವು. ಇದರಿಂದ ನೀರಿನ ಮಟ್ಟ ಸುಮಾರು 8 ಅಡಿ ಏರಿತು, ಸಂಗ್ರಹ ಕಾಲು ಭಾಗದಷ್ಟು ಹೆಚ್ಚಿತು. ಇದು ನಡೆದದ್ದು 1903ರಲ್ಲಿ. ಮುಂದೆ ಕೃಷ್ಣರಾಜಸಾಗರದಲ್ಲೂ ಇಂಥ ಬಾಗಿಲುಗಳು ಬಂದವು.

ಇಷ್ಟು ಕೆಲಸ ಮಾಡಿದರೂ ಆಗಿನ ಬ್ರಿಟಿಷ್ ಆಡಳಿತದಲ್ಲಿ ಭಾರತೀಯರಿಗೆ ಮುಖ್ಯ ಎಂಜಿನಿಯರ್ ಹುದ್ದೆ ಸಿಗುವುದು ಬಹಳ ಕಷ್ಟವಾಗಿತ್ತು. 1908ರಲ್ಲಿ ಅವರು ಆ ನೌಕರಿ ಬಿಟ್ಟರು. ಅದೇ ವರ್ಷ ಮೂಸಿ ನದಿಯ ಪ್ರವಾಹಕ್ಕೆ ಸಿಕ್ಕು ಹೈದರಾಬಾದು ನಲುಗಿತ್ತು. ಆ ನಗರದ ರಕ್ಷಣೆಗೆ ಯೋಜನೆ ಮಾಡಿಕೊಟ್ಟು, 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ತವರಿಗೆ ಮರಳಿದರು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಆ ಕಥೆ ನಿಮಗೆ ಪಾಠದಿಂದಲೇ ಗೊತ್ತು. 1912ರಿಂದ 1918ರವರೆಗೆ ಅವರು ಮೈಸೂರಿನ ದಿವಾನರಾಗಿದ್ದರು.

ನನಗೆ ಕನ್ನಂಬಾಡಿಯಷ್ಟೇ ದೊಡ್ಡದೆಂದು ತೋರುವ ಇನ್ನೊಂದು ಕೆಲಸವಿದೆ. ಅವರು ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ತಾವು ಪುಣೆಗೆ ಹೋಗಿ ಕಲಿತದ್ದನ್ನು ನಮ್ಮ ಮಕ್ಕಳು ಇಲ್ಲೇ ಕಲಿಯುವಂತಾಯಿತು. 1943ರಲ್ಲಿ ಅವರ ಪ್ರಯತ್ನದಿಂದಲೇ ಕಸುಬು ಕಲಿಸುವ ಇನ್ನೊಂದು ಸಂಸ್ಥೆ ಬಂದಿತು. ಅದೇ ಇಂದಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್.

ಇಂದು ನಿಮಗೆ ಇರುವ ದಾರಿಗಳು ಹಲವು. ಎಸ್.ಎಸ್.ಎಲ್.ಸಿ. ಆದ ಮೇಲೆ ಪಾಲಿಟೆಕ್ನಿಕ್ ಸೇರಿ 3 ವರ್ಷದ ಸಿವಿಲ್ ಡಿಪ್ಲೊಮಾ ಓದಬಹುದು. ಬಳಿಕ ಪ್ರವೇಶ ಪರೀಕ್ಷೆ ಬರೆದು ಬಿ.ಇ. ಎರಡನೇ ವರ್ಷಕ್ಕೇ ಸೇರಬಹುದು. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿ, ಸಿ.ಇ.ಟಿ. ಬರೆದು ನೇರವಾಗಿ ಬಿ.ಇ.ಗೆ ಹೋಗುವುದು ಇನ್ನೊಂದು ದಾರಿ. ಹುಡುಗಿಯರಿಗೂ ಈ ದಾರಿಗಳು ತೆರೆದೇ ಇವೆ.

ಓದು ಮುಗಿದ ಮೇಲೂ ಎಂಜಿನಿಯರುಗಳು ಒಬ್ಬರಿಂದೊಬ್ಬರು ಕಲಿಯಬೇಕಲ್ಲವೇ? ಅದಕ್ಕಾಗಿ ವೃತ್ತಿ ಸಂಸ್ಥೆಗಳಿವೆ. ವಿಶ್ವೇಶ್ವರಯ್ಯನವರು ಲಂಡನ್ನಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆಯ ಸದಸ್ಯರಾಗಿದ್ದರು. ನಮ್ಮ ದೇಶದ್ದೇ ಆದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ 1920ರಲ್ಲಿ ಸ್ಥಾಪನೆಯಾಯಿತು. ಅದರ ಕೇಂದ್ರ ಕಚೇರಿ ಕೋಲ್ಕತ್ತಾದಲ್ಲಿದೆ, ಬೆಂಗಳೂರಿನಲ್ಲಿ ರಾಜ್ಯ ಕೇಂದ್ರವಿದೆ. ಕಾಲೇಜಿಗೆ ಹೋಗಲಾಗದ ಎಷ್ಟೋ ಮಂದಿ ದುಡಿಯುತ್ತಲೇ ಓದಿ, ಅದು ನಡೆಸುವ ಪರೀಕ್ಷೆಗಳನ್ನು ಬರೆದು ಎಂಜಿನಿಯರುಗಳಾದರು. ಸೆಪ್ಟೆಂಬರ್ 15ರಂದು ಎಂಜಿನಿಯರುಗಳ ದಿನ ಆಚರಿಸುವುದು ಏಕೆಂದು ನಿಮಗೀಗ ತಿಳಿಯಿತಲ್ಲವೇ?

ವಿಶ್ವೇಶ್ವರಯ್ಯನವರಿಗೆ 1955ರಲ್ಲಿ ಭಾರತರತ್ನ ಬಂದಿತು. 1960ರಲ್ಲಿ ನಡೆದ ತಮ್ಮ ಜನ್ಮಶತಮಾನೋತ್ಸವವನ್ನು ಅವರೇ ಕಣ್ಣಾರೆ ಕಂಡರು! 1962ರಲ್ಲಿ ತೀರಿಕೊಂಡರು. ಅವರ ಸಮಾಧಿ ಮುದ್ದೇನಹಳ್ಳಿಯಲ್ಲಿದೆ. 1917ರ ಆ ಕಾಲೇಜಿಗೆ ಈಗ ಅವರದೇ ಹೆಸರು. ಬೆಂಗಳೂರಿಗೆ ಹೋದಾಗ ಕೆ.ಆರ್. ಸರ್ಕಲ್ಲಿನಲ್ಲಿ ಬಸ್ಸಿನ ಕಿಟಕಿಯಿಂದ ನೋಡಿ, ಹಳೆಯ ಕಟ್ಟಡ ಕಾಣುತ್ತದೆ.