ರಹೀಮ್ ಮೇಷ್ಟ್ರು ಕಲಿಸಿದ್ದು, ನಾವು ಮರೆತದ್ದು

1962ರ ಸೆಪ್ಟೆಂಬರ್ 4. ಜಕಾರ್ತಾದ ಸ್ಟೇಡಿಯಂನಲ್ಲಿ ಏಷ್ಯನ್ ಗೇಮ್ಸ್ ಫುಟ್ಬಾಲ್ ಫೈನಲ್. ಕಿಕ್ಕಿರಿದ ಜನ ಭಾರತದ ವಿರುದ್ಧ ಕೂಗುತ್ತಿದ್ದಾರೆ. ಅದಕ್ಕೆ ಕಾರಣ ಆಟವಲ್ಲ, ರಾಜಕೀಯ. ಇಸ್ರೇಲ್ ಮತ್ತು ತೈವಾನ್ ತಂಡಗಳನ್ನು ಇಂಡೋನೇಷ್ಯಾ ಹೊರಗಿಟ್ಟಿತ್ತು. ಹಾಗಾದರೆ ಇದನ್ನು ಏಷ್ಯನ್ ಗೇಮ್ಸ್ ಅಂತ ಕರೆಯೋದು ಹೇಗೆ ಎಂದು ತಕರಾರು ತೆಗೆದವರು ಭಾರತದ ಜಿ.ಡಿ. ಸೋಂಧಿ. ಆ ಸಿಟ್ಟನ್ನು ಮೈದಾನದಲ್ಲಿ ತಿಂದದ್ದು ನಮ್ಮ ಹುಡುಗರು.

ಆ ತಂಡದ ಕೋಚ್ ಸೈಯದ್ ಅಬ್ದುಲ್ ರಹೀಮ್. ಅವರ ಬದುಕಿನಲ್ಲಿ ಉಳಿದಿದ್ದದ್ದು ಇನ್ನು ಒಂಬತ್ತೇ ತಿಂಗಳು.

'ಮೈದಾನ್' ಸಿನಿಮಾ ನೋಡಿದವರಿಗೆ ಕ್ಲೈಮ್ಯಾಕ್ಸ್ ಗೊತ್ತೇ ಇದೆ. ನನಗೆ ಮುಖ್ಯ ಅನಿಸೋದು ಅದಕ್ಕೂ ಮುಂಚಿನ ಇಪ್ಪತ್ತು ವರ್ಷ.

ರಹೀಮ್ ಹುಟ್ಟಿದ್ದು 1909ರಲ್ಲಿ, ಹೈದರಾಬಾದಿನಲ್ಲಿ. ವೃತ್ತಿಯಲ್ಲಿ ಶಾಲಾ ಮೇಷ್ಟ್ರು. 1943ರಲ್ಲಿ ಹೈದರಾಬಾದ್ ಫುಟ್ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು, ಸಾಯುವವರೆಗೂ ಆ ಕುರ್ಚಿ ಬಿಡಲಿಲ್ಲ. ಆದರೆ ಕುರ್ಚಿಯಲ್ಲಿ ಸುಮ್ಮನೆ ಕೂರಲೂ ಇಲ್ಲ. ಹುಡುಗರಿಗೆ ಡ್ರಿಬಲ್ ಮಾಡದೆ ಆಡುವ ಪಂದ್ಯ, ಕೈಲಾಗದ ಕಾಲಿನಲ್ಲೇ ಒದೆಯಬೇಕಾದ ಪಂದ್ಯ ಏರ್ಪಡಿಸಿದರು. ಖರ್ಚಿಲ್ಲದ ಐಡಿಯಾಗಳು. ಫಲ ಮಾತ್ರ ದೊಡ್ಡದು: ಅವರು ತರಬೇತಿ ಕೊಟ್ಟ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 54ರವರೆಗೆ ಸತತ ಐದು ರೋವರ್ಸ್ ಕಪ್ ಗೆದ್ದಿತು.

ಇಸವಿಗಳನ್ನು ಸ್ವಲ್ಪ ಗಮನಿಸಿ. ನಿಜಾಮರ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರಲ್ಲಿ. ನಮ್ಮ ಬೀದರ್, ಕಲಬುರಗಿ, ರಾಯಚೂರು ಕೂಡ ಆಗ ಅದರೊಳಗೇ ಇದ್ದವು. ಆ ದಿನಗಳ ಗಾಯ ಅಲ್ಲಿನ ಹಿರಿಯರಿಗೆ ಗೊತ್ತು. ಅದಾಗಿ ಮೂರೇ ವರ್ಷಕ್ಕೆ, 1951ರಲ್ಲಿ, ಅದೇ ಹೈದರಾಬಾದಿನ ಮುಸ್ಲಿಂ ಮೇಷ್ಟ್ರೊಬ್ಬರು ದೇಶದ ತಂಡದ ಕೋಚ್. ದೆಹಲಿಯಲ್ಲಿ ಇರಾನನ್ನು 1-0ಯಿಂದ ಸೋಲಿಸಿ ಮೊದಲ ಏಷ್ಯನ್ ಗೇಮ್ಸಿನ ಚಿನ್ನ ಗೆದ್ದರು. ಯಾರು ಎಷ್ಟು ಭಾರತೀಯ ಅಂತ ಅಳೆಯೋರು ಇದನ್ನೊಮ್ಮೆ ಓದಬೇಕು.

ಮರುವರ್ಷವೇ ಹೊಡೆತ ಬಿತ್ತು. ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯಾ ಎದುರು 10-1ರ ಸೋಲು. ಆ ಒಂದೇ ಗೋಲು ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಅವರದು. ತಂಡದ ಹಲವರು ಬರಿಗಾಲಲ್ಲಿ ಆಡಿದ್ದರು. ಆಮೇಲೆ ಬೂಟು ಕಡ್ಡಾಯವಾಯಿತು. ರಹೀಮ್ ನೆಪ ಹೇಳುತ್ತ ಕೂರಲಿಲ್ಲ, ಆಟದ ವಿನ್ಯಾಸವನ್ನೇ ಬದಲಿಸಿದರು. 1956ರಲ್ಲಿ ಮೆಲ್ಬರ್ನ್‌ನಲ್ಲಿ ನೆವಿಲ್ ಡಿಸೋಜಾ ಹ್ಯಾಟ್ರಿಕ್ ಹೊಡೆದು ಭಾರತ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿತು. ಒಲಿಂಪಿಕ್ಸಿನಲ್ಲಿ ನಾಲ್ಕನೇ ಸ್ಥಾನ!

ಈಗ ಮತ್ತೆ ಜಕಾರ್ತಾ. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 2-0 ಸೋಲು. ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ರಹೀಮ್ ಅವರನ್ನು ಫಾರ್ವರ್ಡ್ ಮಾಡಿ ಇಳಿಸಿದರು. ಫೈನಲ್‌ನಲ್ಲಿ ಅದೇ ಕೊರಿಯಾ ಎದುರು ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು ಗೋಲು. 2-1. ಚಿನ್ನ.

1963ರ ಜೂನ್ 11ರಂದು ಕ್ಯಾನ್ಸರ್ ರಹೀಮರನ್ನು ಕರೆದೊಯ್ದಿತು. ಏಷ್ಯನ್ ಗೇಮ್ಸ್ ಫುಟ್ಬಾಲಿನಲ್ಲಿ ಭಾರತಕ್ಕೆ ಅದಾದ ಮೇಲೆ ಚಿನ್ನ ಬಂದಿಲ್ಲ.

ನಾನು ಓದಿದ್ದು ಎಂಜಿನಿಯರಿಂಗ್. ಅಲ್ಲಿ ಕಲಿತ ಒಂದು ಮಾತು ಇನ್ನೂ ನೆನಪಿದೆ: ಕಟ್ಟಿದವನು ಹೋದ ಮೇಲೂ ಓಡಿದರಷ್ಟೇ ಅದು ಸಿಸ್ಟಂ. ರಹೀಮ್ ಹತ್ತಿರ ವಿಧಾನ ಇತ್ತು, ಶಿಷ್ಯರಿದ್ದರು, ಫಲಿತಾಂಶವೂ ಇತ್ತು. ಅದನ್ನು ದೇಶದ ಪ್ರತಿ ಜಿಲ್ಲೆಯ ಶಾಲಾ ಮೈದಾನಕ್ಕೆ ಒಯ್ಯುವ ಕೆಲಸ ಒಬ್ಬ ಮೇಷ್ಟ್ರದ್ದಲ್ಲ, ಫೆಡರೇಶನ್ನಿನದು. ಅದೇ ಫೆಡರೇಶನ್ನನ್ನು 2022ರ ಆಗಸ್ಟಿನಲ್ಲಿ, ಆಡಳಿತದ ಜಗಳದ ಕಾರಣಕ್ಕೆ, ಫಿಫಾ ಕೆಲ ದಿನ ಅಮಾನತಿನಲ್ಲಿಟ್ಟಿತ್ತು.

ಹೀರೋಗೆ ಸಿನಿಮಾ ಮಾಡೋದು ಸುಲಭ. ಕಷ್ಟದ ಕೆಲಸ ಬೇರೆ ಇದೆ: ನಿಮ್ಮೂರಿನ ಸರ್ಕಾರಿ ಶಾಲೆಗೆ ಪಿಟಿ ಮೇಷ್ಟ್ರು ಇದ್ದಾರಾ, ಮೈದಾನ ಇದೆಯಾ ಅಂತ ಕೇಳಿ. ರಹೀಮ್ ಶುರು ಮಾಡಿದ್ದು ಅಲ್ಲಿಂದಲೇ.